ಸ್ಥಳೀಯವೋ, ಹೊರಗಿನದೋ? ಮಂಗಳೂರು ಕಡೆಯ ಹಲವು ವರ್ಷಗಳ ಮಲೇರಿಯಾ ಲೆಕ್ಕವನ್ನು ಹೇಗೆ ಇಡಬೇಕು?

ಕಡಲತಡಿ (ಪ್ರಶ್ನೆ)

ನಮಸ್ಕಾರ. ನಾನು ಮಂಗಳೂರಿನ ಹೊರವಲಯದ ಒಂದು ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ನಿರೀಕ್ಷಣಾಧಿಕಾರಿ. ನಮ್ಮ ವ್ಯಾಪ್ತಿಯಲ್ಲಿ 2015ರಿಂದ ಈಚೆಗೆ ಪತ್ತೆಯಾದ ಮಲೇರಿಯಾ ಪ್ರಕರಣಗಳನ್ನೆಲ್ಲ ಒಂದೆಡೆ ಸೇರಿಸಿ, ವರ್ಷಕ್ಕೆ ಎಷ್ಟು ಸ್ಥಳೀಯ, ಎಷ್ಟು ಹೊರಗಿನಿಂದ ಬಂದವು ಎಂದು ತೋರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. 2027ರ ಹೊತ್ತಿಗೆ ಸ್ಥಳೀಯ ಪ್ರಕರಣ ಸೊನ್ನೆಯಾಗಬೇಕು, 2030ಕ್ಕೆ ನಿರ್ಮೂಲನೆ ಎಂಬುದು ದೇಶದ ಗುರಿ. ಹಾಗಾಗಿ ಈಗ ಎಲ್ಲರ ಕಣ್ಣೂ ‘ಸ್ಥಳೀಯ’ ಎಂಬ ಆ ಒಂದು ಅಂಕಣದ ಮೇಲೆಯೇ ಇದೆ.

ತೊಡಕಿರುವುದೂ ಅಲ್ಲಿಯೇ. ನಮ್ಮ ರಿಜಿಸ್ಟರಿನಲ್ಲಿ ‘ಸ್ಥಳೀಯ / ವಲಸೆ’ ಎಂದು ಒಂದು ಅಂಕಣವಿದೆ. ಅದನ್ನು ಯಾವ ಆಧಾರದ ಮೇಲೆ ತುಂಬಬೇಕು ಎಂದು ಎಲ್ಲಿಯೂ ಬರೆದಿಲ್ಲ. ಕೆಲವು ವರ್ಷ ಆಧಾರ್ ಕಾರ್ಡಿನ ವಿಳಾಸ ನೋಡಿ ಬರೆದಂತಿದೆ. ಕೆಲವು ವರ್ಷ ಆರು ತಿಂಗಳಿಗಿಂತ ಹೆಚ್ಚು ಇಲ್ಲಿದ್ದವರನ್ನು ಸ್ಥಳೀಯ ಎಂದು ಗುರುತಿಸಿದ್ದಾರೆ. ಎರಡೂ ಇಲ್ಲದ ಕಡೆ ಹೆಸರು ಮತ್ತು ಭಾಷೆ ನೋಡಿ ತುಂಬಿದ್ದಾರೆ ಎಂದು ಅನುಮಾನವಾಗುತ್ತದೆ.

ನನಗೆ ನಿದ್ದೆ ಕೆಡಿಸಿರುವ ಮೂರು ಉದಾಹರಣೆಗಳನ್ನು ಕೊಡುತ್ತೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಮೊದಲನೆಯದು: ಜಾರ್ಖಂಡ್‌ನ ಸೆಂಟ್ರಿಂಗ್ ಕೆಲಸಗಾರ. ಊರಿಗೆ ಹೋಗಿ ಆಗಸ್ಟ್ 3ರಂದು ಮರಳಿದ. ಆಗಸ್ಟ್ 17ರಂದು ಚಳಿಜ್ವರ ಶುರುವಾಯಿತು, 19ರ ರಕ್ತಲೇಪನದಲ್ಲಿ (ಗಾಜಿನ ಮೇಲೆ ಹಚ್ಚಿ ನೋಡುವ ರಕ್ತ) ಫಾಲ್ಸಿಪಾರಂ ಎಂಬ ಬಗೆಯ ಮಲೇರಿಯಾ. ರಿಜಿಸ್ಟರಿನಲ್ಲಿ ‘ವಲಸೆ’.

ಎರಡನೆಯದು ಒಂದು ಗುಂಪು. ಕಟ್ಟುತ್ತಿರುವ ಬಹುಮಹಡಿ ಕಟ್ಟಡದ ಶೆಡ್ಡಿನಲ್ಲಿದ್ದ ಒಡಿಶಾದ ಯುವಕನಿಗೆ ಜುಲೈ 2ರಂದು ಜ್ವರ, ಪರೀಕ್ಷೆಯಲ್ಲಿ ವೈವಾಕ್ಸ್ ಎಂಬ ಇನ್ನೊಂದು ಬಗೆ. ಆತ ವಿಷು ಕಳೆದ ಮೇಲೆ, ಏಪ್ರಿಲ್ ಕೊನೆಯಲ್ಲಿ ಇಲ್ಲಿಗೆ ಬಂದವನು, ಆಮೇಲೆ ಊರಿಗೆ ಹೋಗಿಲ್ಲ. ಪಕ್ಕದ ಮನೆಯ ಶಾಲಾ ಹುಡುಗನಿಗೆ ಜುಲೈ 7ರಂದು ಜ್ವರ, ಅದೂ ವೈವಾಕ್ಸ್. ಅದೇ ಓಣಿಯ, ಬೀಡಿ ಕಟ್ಟುವ ಒಬ್ಬ ಮಹಿಳೆಗೆ ಆಗಸ್ಟ್ 9ರಂದು ವೈವಾಕ್ಸ್. ಆಕೆ ಬೀಡಿ ಬ್ರಾಂಚಿಗೆ ಹೋಗಿಬರುವುದನ್ನು ಬಿಟ್ಟರೆ ಊರು ದಾಟಿದವರಲ್ಲ. ದಾಖಲೆ: ಒಂದು ವಲಸೆ, ಎರಡು ಸ್ಥಳೀಯ. ಒಡಿಶಾದವನೇ ರೋಗ ತಂದು ಹಂಚಿದ ಎಂದು ಓಣಿಯವರು ತೀರ್ಮಾನಿಸಿದರು. ಶೆಡ್ ತೆರವು ಮಾಡಿಸಿ ಎಂದು ಗುತ್ತಿಗೆದಾರನ ಮೇಲೆ ಒತ್ತಡ ಬಂತು. ಅಂದಿನಿಂದ ಆ ಶೆಡ್ಡಿಗೆ ನಾವು ಹೋದರೆ ಯಾರಿಗೂ ಜ್ವರವೇ ಇಲ್ಲ ಎನ್ನುತ್ತಾರೆ.

ಮೂರನೆಯದು: ಇಲ್ಲಿಯದೇ ಕಾಲೇಜು ವಿದ್ಯಾರ್ಥಿ. ಜುಲೈಯಲ್ಲಿ ವೈವಾಕ್ಸ್, ನವೆಂಬರಿನಲ್ಲಿ ಮತ್ತೆ ವೈವಾಕ್ಸ್. ಜ್ವರ ಬಿಟ್ಟ ಮೇಲೆ ಮಾತ್ರೆ ನಿಲ್ಲಿಸಿದ್ದಾನೆ. ದಾಖಲೆಯಲ್ಲಿ ಎರಡು ಸ್ಥಳೀಯ ಪ್ರಕರಣ.

ಇದ್ದದ್ದನ್ನು ಇದ್ದಂತೆ ಕೂಡಿಸಿ ನಕ್ಷೆ ಬರೆದರೆ ಸ್ಥಳೀಯ ಸ್ತಂಭ ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತದೆ, ವಲಸೆಯ ಪಾಲು ಉದ್ದವಾಗುತ್ತದೆ. ನೋಡಲು ಚೆಂದವಾದ ನಕ್ಷೆ. ಅದನ್ನು ಸಭೆಯಲ್ಲಿ ಇಟ್ಟ ಕೂಡಲೇ ‘ಇನ್ನು ಉಳಿದಿರುವುದು ಹೊರಗಿನವರ ಸಮಸ್ಯೆ’ ಎಂಬ ಮಾತು ಬರುತ್ತದೆ. ಆ ಮಾತಿಗೆ ನಾನು ಆಧಾರ ಒದಗಿಸಬೇಕೇ? ಹಳೆಯ ದಾಖಲೆಗಳನ್ನು ತಿದ್ದಬಹುದೇ? ಮುಂದಕ್ಕೆ ಏನು ಬರೆದಿಟ್ಟರೆ ಈ ಲೆಕ್ಕ ನಂಬುವಂತಿರುತ್ತದೆ? ಅನುಭವಸ್ಥರು ದಯವಿಟ್ಟು ತಿಳಿಸಿ.

ಸೂಕ್ಷ್ಮದರ್ಶಕ (ಪ್ರಯೋಗಶಾಲಾ ತಂತ್ರಜ್ಞ, ಉಡುಪಿ ಜಿಲ್ಲೆ)

ಮೇಡಂ, ಲೇಪನ ಗಾಜು ಹೇಳುವ ಸಾಕ್ಷಿಯಿಂದ ಶುರು ಮಾಡೋಣ.

ನಿಮ್ಮ ಮೊದಲನೆಯ ಪ್ರಕರಣದ ಗಾಜು ಇನ್ನೂ ಇದ್ದರೆ ಮತ್ತೊಮ್ಮೆ ನೋಡಿಸಿ. ಫಾಲ್ಸಿಪಾರಂನಲ್ಲಿ ಬಿದಿಗೆ ಚಂದ್ರನ ಆಕಾರದ, ಸೊಳ್ಳೆಗೆ ಸೋಂಕು ದಾಟಿಸುವ ಗ್ಯಾಮಿಟೋಸೈಟ್‌ಗಳು ಜ್ವರದ ಮೊದಲ ದಿನವೇ ಕಾಣುವುದಿಲ್ಲ. ಪರಾವಲಂಬಿ ರಕ್ತಕ್ಕೆ ಇಳಿದು ವಾರ, ಹತ್ತು ದಿನ ಕಳೆದ ಮೇಲೆ ಅವು ಹೊರಗೆ ಬರುತ್ತವೆ. 17ರಂದು ಜ್ವರ, 19ರ ಗಾಜಿನಲ್ಲಿ ಬರೀ ಉಂಗುರಾಕಾರದ ಎಳೆಯ ಪರಾವಲಂಬಿಗಳಿದ್ದರೆ ಸೋಂಕು ಹೊಸದು ಎನ್ನಬಹುದು. ಚಂದ್ರಾಕೃತಿಗಳೂ ಇದ್ದರೆ ಆತನ ರಕ್ತದಲ್ಲಿ ರೋಗ ಇನ್ನೂ ಮೊದಲಿನಿಂದ ಇತ್ತು ಎಂದರ್ಥ. ಆಗ ಸೊಳ್ಳೆ ಕಚ್ಚಿದ್ದು ಆಗಸ್ಟ್ 3ಕ್ಕಿಂತ ಹಿಂದೆ, ಅಂದರೆ ಊರಿನಲ್ಲಿ ಎಂಬುದಕ್ಕೆ ಬಲವಾದ ಸಾಕ್ಷಿ ಸಿಗುತ್ತದೆ. ಇದನ್ನು ಯಾವ ವಿಳಾಸವೂ ಹೇಳುವುದಿಲ್ಲ. ಆದ್ದರಿಂದ ‘ಪಾಸಿಟಿವ್, ಪಿಎಫ್’ (ಫಾಲ್ಸಿಪಾರಂ) ಎಂದಷ್ಟೇ ಬರೆದು ಕಳುಹಿಸುವ ವರದಿಯಲ್ಲಿ ಪರಾವಲಂಬಿಯ ಹಂತವನ್ನೂ ಬರೆಯಿರಿ ಎಂದು ನಿಮ್ಮ ಪ್ರಯೋಗಶಾಲೆಯವರನ್ನು ಕೇಳಿಕೊಳ್ಳಿ. ಬರೆಯಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ.

ಇನ್ನೊಂದು ವಿಷಯ, ಬೆರಳ ರಕ್ತದಿಂದ ಕೂಡಲೇ ಫಲಿತಾಂಶ ತೋರಿಸುವ ಆರ್‌ಡಿಟಿ ಕಿಟ್. ಫಾಲ್ಸಿಪಾರಂ ಗೆರೆ ತೋರಿಸುವ ಎಚ್‌ಆರ್‌ಪಿ–2 ಎಂಬ ಪ್ರೋಟೀನು ಚಿಕಿತ್ಸೆ ಮುಗಿದ ಮೇಲೂ ಕೆಲವು ವಾರ ರಕ್ತದಲ್ಲಿ ಉಳಿಯುತ್ತದೆ. ಊರಿನಲ್ಲಿ ಚಿಕಿತ್ಸೆ ಪಡೆದು ಗುಣವಾಗಿ ಬಂದವನಿಗೆ ಇಲ್ಲಿ ಬೇರೆ ಯಾವುದೋ ಜ್ವರ ಬಂದು ಕಿಟ್ ಹಾಕಿದರೆ ಗೆರೆ ಮೂಡಬಹುದು. ಅದನ್ನು ಹೊಸ ಪ್ರಕರಣ ಎಂದು ಎಣಿಸಿಬಿಡುತ್ತೇವೆ. ಹಳೆಯ ವರ್ಷಗಳ ಪಟ್ಟಿಯಲ್ಲಿ ಯಾವುದು ಕಿಟ್, ಯಾವುದು ಲೇಪನ ಎಂಬ ಅಂಕಣ ಇದ್ದರೆ ಅದನ್ನು ಮಾತ್ರ ಬಿಡಬೇಡಿ.

ನಿಮ್ಮ ವಿದ್ಯಾರ್ಥಿಯದು ಬಹುತೇಕ ಮರುಕಳಿಕೆ. ವೈವಾಕ್ಸ್ ಯಕೃತ್ತಿನಲ್ಲಿ ಹಿಪ್ನೋಜೋಯಿಟ್ ಎಂಬ ಮಲಗಿರುವ ರೂಪದಲ್ಲಿ ಉಳಿದು ವಾರಗಳು, ತಿಂಗಳುಗಳ ನಂತರ ಏಳುತ್ತದೆ. 14 ದಿನಗಳ ಪ್ರೈಮಾಕ್ವಿನ್ ಕೊಡುವುದೇ ಅದಕ್ಕಾಗಿ. ಆದರೆ ಮೂರನೆಯ ದಿನಕ್ಕೆ ಜ್ವರ ಬಿಟ್ಟ ಮೇಲೆ ಉಳಿದ ಮಾತ್ರೆ ನುಂಗುವವರು ಕಡಿಮೆ. ಮರುಕಳಿಕೆಯನ್ನು ಹೊಸ ಸ್ಥಳೀಯ ಪ್ರಕರಣವೆಂದು ಎಣಿಸಿದರೆ, ಸೊಳ್ಳೆಯೇ ಇಲ್ಲದ ಕಡೆ ಸೊಳ್ಳೆ ಹುಡುಕುತ್ತೀರಿ. ಮಾತ್ರೆ ಮುಗಿಸದ ಇಂತಹ ಇನ್ನಷ್ಟು ಜನರನ್ನು ಹುಡುಕುವುದೇ ತಪ್ಪಿಹೋಗುತ್ತದೆ.

ನಿವೃತ್ತ ಹಿರಿಯ ಆರೋಗ್ಯ ಸಹಾಯಕ, ಪುತ್ತೂರು

ತಂಗಿ, ನಿಮ್ಮ ಪ್ರಶ್ನೆಯನ್ನು ಬಹಳ ಆಸಕ್ತಿಯಿಂದ ಓದಿದೆ. ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಆ ಅಂಕಣದಲ್ಲಿ ಬರೆಯಬೇಕಾದದ್ದು ರೋಗಿ ಎಲ್ಲಿಯವನು ಎಂದಲ್ಲ, ಸೊಳ್ಳೆ ಅವನನ್ನು ಎಲ್ಲಿ ಕಚ್ಚಿತು ಎಂದು. ಆಧಾರ್ ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ. ಒಡಿಶಾದವನಿಗೆ ಇಲ್ಲಿಯ ಸೊಳ್ಳೆ ಕಚ್ಚಿದರೆ ಅದು ಸ್ಥಳೀಯ ಪ್ರಕರಣ. ಇಲ್ಲಿಯವನೇ ಛತ್ತೀಸ್‌ಗಢಕ್ಕೆ ಲಾರಿ ಓಡಿಸಿಕೊಂಡು ಹೋಗಿ ಅಲ್ಲಿ ಕಚ್ಚಿಸಿಕೊಂಡು ಬಂದರೆ ಅದು ಹೊರಗಿನಿಂದ ಬಂದ ಪ್ರಕರಣ.

ಈಗ ನಿಮ್ಮ ಎರಡನೆಯ ಉದಾಹರಣೆಯನ್ನು ತೆಗೆದುಕೊಳ್ಳೋಣ. ನೀವು ದಿನಾಂಕಗಳನ್ನು ಬರೆದಿಟ್ಟಿದ್ದೀರಿ, ಆದ್ದರಿಂದ ಬಿಡಿಸಲು ಸಾಧ್ಯ. ಮೂರು ಅಳತೆಗಳು ಬೇಕು. ವೈವಾಕ್ಸ್ ಇರುವ ಸೊಳ್ಳೆ ಕಚ್ಚಿದ ಮೇಲೆ ಜ್ವರ ಬರಲು ಸಾಮಾನ್ಯವಾಗಿ 12ರಿಂದ 17 ದಿನ, ಫಾಲ್ಸಿಪಾರಂ ಆದರೆ 9ರಿಂದ 14 ದಿನ. ರೋಗಿಯ ರಕ್ತ ಹೀರಿದ ಸೊಳ್ಳೆ ಇನ್ನೊಬ್ಬರಿಗೆ ಸೋಂಕು ಕೊಡುವಷ್ಟು ಪರಾವಲಂಬಿ ಅದರ ಹೊಟ್ಟೆಯಲ್ಲಿ ಬಲಿತು ಬಾಯಿಗೆ ಬರಲು ನಮ್ಮ ಹವೆಯಲ್ಲಿ ಸುಮಾರು 10ರಿಂದ 14 ದಿನ. ಇವೆರಡನ್ನೂ ಕೂಡಿಸಿದರೆ ಒಬ್ಬ ವೈವಾಕ್ಸ್ ರೋಗಿಯ ಜ್ವರದಿಂದ, ಅವನಿಂದಾಗಿ ಸೋಂಕು ತಗುಲಿದ ಇನ್ನೊಬ್ಬನ ಜ್ವರಕ್ಕೆ ಮೂರು ವಾರಕ್ಕಿಂತ ಕಡಿಮೆ ಅಂತರ ಇರುವುದು ತೀರ ಅಪರೂಪ. ಸಾಮಾನ್ಯವಾಗಿ ನಾಲ್ಕೈದು ವಾರ ಇರುತ್ತದೆ.

ಆ ಯುವಕನಿಗೆ ಜುಲೈ 2, ಹುಡುಗನಿಗೆ ಜುಲೈ 7. ನಡುವೆ ಐದು ದಿನ. ಯುವಕನ ಜ್ವರದಿಂದ ಹುಡುಗನಿಗೆ ಬಂದಿರಲು ದಾರಿಯೇ ಇಲ್ಲ. ಹುಡುಗನನ್ನು ಸೊಳ್ಳೆ ಕಚ್ಚಿದ್ದು ಜೂನ್ ಕೊನೆಯ ವಾರದ ಆಸುಪಾಸು. ಆ ಸೊಳ್ಳೆ ರೋಗವನ್ನು ಯಾರಿಂದಲೋ ಪಡೆದದ್ದು ಜೂನ್ ಮಧ್ಯ ಅಥವಾ ಅದಕ್ಕೂ ಮೊದಲು. ಆಗ ಯುವಕನಿಗೆ ಜ್ವರವೇ ಇರಲಿಲ್ಲ.

ಇನ್ನು ಆ ಯುವಕ. ಏಪ್ರಿಲ್ ಕೊನೆಗೆ ಬಂದವನಿಗೆ ಜುಲೈ 2ರಂದು ಜ್ವರ. ಎರಡು ತಿಂಗಳಿಗಿಂತ ಹೆಚ್ಚು ಕಾಲ ಅವನು ನಿಮ್ಮ ಓಣಿಯ ಶೆಡ್ಡಿನಲ್ಲಿ ಮಲಗಿದ್ದಾನೆ. ಹುಡುಗನಿಗೂ ಇವನಿಗೂ ಐದು ದಿನಗಳ ಅಂತರದಲ್ಲಿ ಜ್ವರ ಬಂದಿದೆ ಎಂದರೆ ಇಬ್ಬರನ್ನೂ ಒಂದೇ ಕಡೆ ಹುಟ್ಟಿದ ಸೊಳ್ಳೆಗಳು ಕಚ್ಚಿರುವ ಸಾಧ್ಯತೆಯೇ ಹೆಚ್ಚು. ಹಿಂದಿನ ವರ್ಷ ಊರಿನಲ್ಲಿ ಅವನಿಗೆ ಮಲೇರಿಯಾ ಬಂದಿತ್ತೇ ಎಂದು ಒಮ್ಮೆ ಕೇಳಿ. ಬಂದಿದ್ದರೆ ಮರುಕಳಿಕೆಯ ಅನುಮಾನ ಉಳಿಯುತ್ತದೆ. ಬಂದಿಲ್ಲದಿದ್ದರೆ, ಅವನು ರೋಗ ತಂದವನಲ್ಲ, ನಮ್ಮ ಊರಿನಲ್ಲಿ ರೋಗ ಹಿಡಿಸಿಕೊಂಡವನು. ಅವನ ಮೇಲೆ ಓಣಿಯವರು ಹೊರಿಸಿದ ಆಪಾದನೆ ದಿನಾಂಕಗಳ ಮುಂದೆ ನಿಲ್ಲುವುದಿಲ್ಲ.

ಬೀಡಿ ಕಟ್ಟುವ ಆ ತಾಯಿಗೆ ಆಗಸ್ಟ್ 9. ಯುವಕನಿಂದ ಐದು ವಾರ, ಹುಡುಗನಿಂದ ನಾಲ್ಕೂವರೆ ವಾರ. ಇಬ್ಬರಲ್ಲಿ ಯಾರ ರಕ್ತ ಹೀರಿದ ಸೊಳ್ಳೆಯಿಂದಾದರೂ ಬಂದಿರಬಹುದು. ಅಂದರೆ ಆ ಓಣಿಯಲ್ಲಿ ಒಂದು ಸುತ್ತು ಮುಗಿದು ಎರಡನೆಯ ಸುತ್ತು ನಡೆದಿದೆ. ಮೂರೂ ಸ್ಥಳೀಯ.

ಇಲ್ಲಿ ಇನ್ನೊಂದು ವರ್ಗವನ್ನು ನಿಮ್ಮ ಪುಸ್ತಕಕ್ಕೆ ಸೇರಿಸಿಕೊಳ್ಳಬೇಕು. ಹೊರಗಿನಿಂದ ಬಂದದ್ದು ಖಚಿತವಾದ ಒಬ್ಬ ರೋಗಿಯಿಂದ ನೇರವಾಗಿ ಇಲ್ಲಿಯ ಒಬ್ಬರಿಗೆ ತಗುಲಿದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಸ್ಥಳೀಯಕ್ಕೂ ಸೇರಿಸುವುದಿಲ್ಲ, ಹೊರಗಿನದಕ್ಕೂ ಸೇರಿಸುವುದಿಲ್ಲ. ಅದು ‘ಪರಿಚಯಿಸಲ್ಪಟ್ಟ’ ಪ್ರಕರಣ, ಮೊದಲ ತಲೆಮಾರು. ಎರಡನೆಯ ತಲೆಮಾರಿನಿಂದ ಮುಂದೆ ಎಲ್ಲವೂ ಸ್ಥಳೀಯ. ಇನ್ನೊಬ್ಬರ ರಕ್ತ ಪಡೆಯುವಾಗ ತಗುಲಿದ್ದು ಬೇರೆ, ಮರುಕಳಿಕೆ ಬೇರೆ. ಈ ಮಧ್ಯದ ವರ್ಗ ಬಹಳ ಬೆಲೆಯುಳ್ಳದ್ದು. ಹೊರಗಿನಿಂದ ಬಂದವು ಹತ್ತಿದ್ದು, ಅವುಗಳಿಂದ ಒಂದೂ ಹರಡದಿದ್ದರೆ ನಿಮ್ಮ ಟ್ಯಾಂಕುಗಳು ಮುಚ್ಚಿವೆ, ಚಿಕಿತ್ಸೆ ಬೇಗ ತಲುಪುತ್ತಿದೆ ಎಂದರ್ಥ. ಬಂದದ್ದು ಎರಡೇ ಇದ್ದು, ಅವುಗಳ ಸುತ್ತ ಐದು ಪ್ರಕರಣ ಎದ್ದರೆ ಊರು ಅಪಾಯದಲ್ಲಿದೆ. ನಿಮ್ಮ ಅಧಿಕಾರಿಗಳು ನೋಡಬೇಕಾದ ಸ್ತಂಭ ಇದು.

ಶ್ರೀಲಂಕಾದ ಕಥೆಯನ್ನು ಸಭೆಯಲ್ಲಿ ಹೇಳಿ. 1963ರಲ್ಲಿ ಅಲ್ಲಿ ಇಡೀ ವರ್ಷಕ್ಕೆ ಸಿಕ್ಕಿದ್ದು 17 ಪ್ರಕರಣ. ಅದರಲ್ಲಿ 11 ಹೊರಗಿನವು, ಸ್ಥಳೀಯ 6. ಗೆದ್ದೆವು ಎಂದು ಸಿಂಪರಣೆ ನಿಲ್ಲಿಸಿದರು, ಕಣ್ಗಾವಲು ಸಡಿಲವಾಯಿತು. 1969ರ ಹೊತ್ತಿಗೆ ವರ್ಷಕ್ಕೆ ಐದು ಲಕ್ಷ ದಾಟಿತು. ನಮ್ಮ ದೇಶದಲ್ಲಿಯೂ ಹಾಗೆಯೇ ಆಯಿತು. 1965ರಲ್ಲಿ ಸುಮಾರು ಒಂದು ಲಕ್ಷಕ್ಕೆ ಇಳಿದದ್ದು 1976ರಲ್ಲಿ 64 ಲಕ್ಷಕ್ಕೆ ಏರಿತು. ಶ್ರೀಲಂಕಾ ಮತ್ತೆ ದಶಕಗಳ ಕಾಲ ದುಡಿದು 2012ರ ಅಕ್ಟೋಬರಿನಲ್ಲಿ ಕೊನೆಯ ಸ್ಥಳೀಯ ಪ್ರಕರಣವನ್ನು ಕಂಡಿತು, 2016ರಲ್ಲಿ ಮಲೇರಿಯಾ ಮುಕ್ತ ಎಂಬ ಪ್ರಮಾಣಪತ್ರ ಪಡೆಯಿತು. ಆಮೇಲೂ ಅವರು ಪ್ರತಿ ಪ್ರಕರಣದ ಬೆನ್ನು ಹತ್ತುವುದನ್ನು ಬಿಡಲಿಲ್ಲ. ಹಾಗಾಗಿಯೇ 2018ರ ಕೊನೆಯಲ್ಲಿ ವಿದೇಶಿ ವಲಸೆ ಕಾರ್ಮಿಕನೊಬ್ಬನಿಂದ ಒಬ್ಬ ಸ್ಥಳೀಯನಿಗೆ ತಗುಲಿದ ಆ ಒಂದೇ ಪ್ರಕರಣವನ್ನು ಪತ್ತೆ ಹಚ್ಚಿ, ಅಲ್ಲಿಗೇ ತಡೆದರು.

ನಮ್ಮ ಊರಿನದ್ದನ್ನೂ ನೆನಪಿಸುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಮನೆಮನೆಗೆ ಹೋಗಿ ಬಾಗಿಲ ಪಕ್ಕದ ಗೋಡೆಯ ಮೇಲೆ ಚೌಕ ಬರೆದು ದಿನಾಂಕ ಹಾಕುತ್ತಿದ್ದೆವು. ಹದಿನೈದು ದಿನಕ್ಕೊಮ್ಮೆ ಅದೇ ಬಾಗಿಲು. ಮಂಗಳೂರು ನಗರದಲ್ಲಿ ಅಂದು ಮಲೇರಿಯಾ ಮರೆತುಹೋದ ರೋಗ. 1990ರ ನಂತರ ಎತ್ತರದ ಕಟ್ಟಡಗಳು ಏಳತೊಡಗಿದವು, ಅದರೊಂದಿಗೆ ಮಲೇರಿಯಾ ಮರಳಿತು. ಎಲ್ಲರೂ ಕಾರ್ಮಿಕರನ್ನು ತೋರಿಸಿದರು. ಪರಾವಲಂಬಿ ರಕ್ತದಲ್ಲಿ ಬಂದಿರಬಹುದು, ಒಪ್ಪುತ್ತೇನೆ. ಆದರೆ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫನ್ಸಿ ಸೊಳ್ಳೆಯನ್ನು ಯಾವ ಕಾರ್ಮಿಕನೂ ಚೀಲದಲ್ಲಿ ಹೊತ್ತು ತರಲಿಲ್ಲ. ಅದು ಹುಟ್ಟುವುದು ನಾವು ಮುಚ್ಚದ ಮೇಲ್ಛಾವಣಿ ಟ್ಯಾಂಕಿನಲ್ಲಿ, ಬಳಸದ ಬಾವಿಯಲ್ಲಿ, ಕಾಂಕ್ರೀಟು ಗಟ್ಟಿಯಾಗಲೆಂದು ಸ್ಲ್ಯಾಬ್ ಮೇಲೆ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರಿನಲ್ಲಿ, ಲಿಫ್ಟ್ ಗುಂಡಿಯಲ್ಲಿ, ನೀರು ತುಂಬಿದ ಡ್ರಮ್ಮಿನಲ್ಲಿ. ನೀರು ನಿಂತು ವಾರ, ಹತ್ತು ದಿನವಾದರೆ ಸಾಕು, ಮೊಟ್ಟೆ ಸೊಳ್ಳೆಯಾಗುತ್ತದೆ. ಅಲ್ಲಿಯೇ ಮಲಗುವ, ಸೊಳ್ಳೆ ಪರದೆ ಇಲ್ಲದ, ಜ್ವರ ಬಂದರೆ ದಿನಗೂಲಿ ಹೋಗುತ್ತದೆ ಎಂದು ಹೇಳದೆ ಇರುವ ಹುಡುಗರಿಗೆ ಮೊದಲು ಕಚ್ಚುತ್ತದೆ. ‘ವಲಸೆ’ ಎಂದು ಬರೆದು ಪುಸ್ತಕ ಮುಚ್ಚಿದವರು ಆ ಟ್ಯಾಂಕನ್ನು ಹತ್ತಿ ನೋಡುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿ.

ನಿಮ್ಮ ಮೊದಲ ಪ್ರಕರಣಕ್ಕೆ ಬರುತ್ತೇನೆ. ಮರಳಿದ 14ನೆಯ ದಿನಕ್ಕೆ ಫಾಲ್ಸಿಪಾರಂ. ಗಡಿಯ ಮೇಲೆಯೇ ಇದೆ. ನಮ್ಮಲ್ಲಿ ವೈವಾಕ್ಸ್ ಹೆಚ್ಚು, ಅವನ ಊರಿನ ಕಡೆ ಫಾಲ್ಸಿಪಾರಂ ಹೆಚ್ಚು, ಹಾಗಾಗಿ ಹೊರಗಿನದು ಎನ್ನುವುದು ಸಮಂಜಸ. ಆದರೆ ‘ಹೊರಗಿನದು, ಸಂಭಾವ್ಯ’ ಎಂದು ಬರೆಯಿರಿ, ಪಕ್ಕದಲ್ಲಿ ಕಾರಣ ಬರೆಯಿರಿ. ಉಡುಪಿಯ ತಂತ್ರಜ್ಞರು ಹೇಳಿದ ಹಾಗೆ ಗಾಜಿನಲ್ಲಿ ಚಂದ್ರಾಕೃತಿ ಸಿಕ್ಕಿದರೆ ‘ಖಚಿತ’ ಎಂದು ಮಾಡಿ.

ಸೈಟ್ ಎಂಜಿನಿಯರ್, ಸುರತ್ಕಲ್

ಆರೋಗ್ಯ ಇಲಾಖೆಯವನಲ್ಲ, ಆದರೂ ಒಂದು ಉಪಯೋಗದ ಮಾತು ಹೇಳಬಹುದು ಎನಿಸಿತು. ಕೆಲಸಗಾರ ಯಾವಾಗ ಬಂದ, ಯಾವಾಗ ಊರಿಗೆ ಹೋದ ಎಂದು ಅವನನ್ನೇ ಕೇಳಿದರೆ ‘ಹೋದ ತಿಂಗಳು’ ಎನ್ನುತ್ತಾನೆ. ಹೆದರಿಕೆಯೂ ಇರುತ್ತದೆ, ಭಾಷೆಯ ತೊಡಕೂ ಇರುತ್ತದೆ. ಸೈಟಿನ ಹಾಜರಿ ಪುಸ್ತಕ ನೋಡಿ. ಕೂಲಿ ಲೆಕ್ಕಕ್ಕಾಗಿ ದಿನದಿನದ ಗುರುತು ಅದರಲ್ಲಿ ಇರುತ್ತದೆ, ಯಾವ ದಿನದಿಂದ ಯಾವ ದಿನದವರೆಗೆ ಇರಲಿಲ್ಲ ಎಂಬುದು ಸ್ಪಷ್ಟವಾಗಿ ಸಿಗುತ್ತದೆ. ರೈಲು ಟಿಕೆಟ್ಟಿನ ಸಂದೇಶ ಅವರ ಮೊಬೈಲಿನಲ್ಲಿ ಉಳಿದಿರುವುದೂ ಉಂಟು. ನನ್ನ ಸೈಟಿಗೆ ಬರುವ ಆಶಾ ಕಾರ್ಯಕರ್ತೆಗೆ ನಮ್ಮ ಮೇಸ್ತ್ರಿಯೇ ಒಡಿಯಾದಲ್ಲಿ ಮಾತಾಡಿ ಕೊಡುತ್ತಾರೆ.

ಹಿರಿಯರು ಕ್ಯೂರಿಂಗ್ ನೀರಿನ ಬಗ್ಗೆ ಹೇಳಿದ್ದು ಸರಿ. ಸ್ಲ್ಯಾಬ್ ಮೇಲೆ ಸಿಮೆಂಟಿನ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು ರೂಢಿ. ಕಂಬ, ಗೋಡೆಗಳಿಗೆ ಒದ್ದೆ ಗೋಣಿ ಸುತ್ತಬಹುದು. ಸ್ಲ್ಯಾಬಿಗೆ ವಾರಕ್ಕೊಮ್ಮೆ ನೀರನ್ನು ಪೂರ್ತಿ ಹರಿಸಿ ಮತ್ತೆ ತುಂಬಿದರೆ ಕಾಂಕ್ರೀಟಿಗೆ ಏನೂ ಆಗುವುದಿಲ್ಲ. ಲಿಫ್ಟ್ ಗುಂಡಿಯೇ ನಿಜವಾದ ತಲೆನೋವು. ಮಳೆಗಾಲದಲ್ಲಿ ತಳದಿಂದ ನೀರು ಒಸರುತ್ತದೆ. ನಾವು ಅದಕ್ಕೆ ಗಪ್ಪಿ ಮೀನು ಬಿಟ್ಟಿದ್ದೇವೆ.

ಕಡಲತಡಿ

ಮೂವರಿಗೂ ಮನಸಾರೆ ವಂದನೆಗಳು. ಐದು ದಿನಗಳ ಅಂತರದ ಆ ಲೆಕ್ಕ ನೋಡಿದ ಮೇಲೆ ಓಣಿಯವರ ಜೊತೆ ಮಾತಾಡಲು ನನ್ನ ಕೈಯಲ್ಲಿ ಈಗ ಏನೋ ಇದೆ. ಯುವಕನನ್ನು ಫೋನಿನಲ್ಲಿ ಹಿಡಿದೆ, ಬೇರೆ ಸೈಟಿನಲ್ಲಿದ್ದಾನೆ. ಹಿಂದೆ ಮಲೇರಿಯಾ ಬಂದ ನೆನಪಿಲ್ಲ ಎಂದ. ಮೂರು ಮನೆಗಳ ನಡುವೆ ಕೈಬಿಟ್ಟ ಒಂದು ಬಾವಿ ಇದೆ. ಇಂದು ಲಾರ್ವಾ ಸಮೀಕ್ಷೆಗೆ ಹೋದಾಗ ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದ್ದ ಲಾರ್ವಾಗಳು ಸಿಕ್ಕವು, ಅನಾಫಿಲಿಸ್ ಎಂದು ಅಲ್ಲಿಯೇ ಗೊತ್ತಾಯಿತು. ಜಾತಿ ಗುರುತಿಸಲು ಕೀಟಶಾಸ್ತ್ರಜ್ಞರಿಗೆ ಕಳುಹಿಸಿದ್ದೇನೆ.

ಇನ್ನೆರಡು ಪ್ರಶ್ನೆ ಉಳಿದಿವೆ. ಹಳೆಯ ವರ್ಷಗಳ ಪ್ರಕರಣಗಳಲ್ಲಿ ಅರ್ಧಕ್ಕರ್ಧ ರೋಗಿಗಳನ್ನು ಈಗ ಹುಡುಕಲು ಆಗುವುದಿಲ್ಲ, ಪ್ರಯಾಣದ ದಿನಾಂಕವೂ ಇಲ್ಲ. ಅವುಗಳನ್ನು ಏನು ಮಾಡಲಿ? ಮತ್ತು ಎಪಿಐ, ಅಂದರೆ ಸಾವಿರ ಜನಸಂಖ್ಯೆಗೆ ಎಷ್ಟು ಪ್ರಕರಣ ಎಂಬ ಸೂಚ್ಯಂಕವನ್ನೇ ವರ್ಷವಾರು ತೋರಿಸಿದರೆ ಸಾಕೇ?

ನಿವೃತ್ತ ಹಿರಿಯ ಆರೋಗ್ಯ ಸಹಾಯಕ, ಪುತ್ತೂರು

ಬಾವಿಗೆ ಹೋಗಿ ನೋಡಿದ್ದಕ್ಕೆ ತುಂಬಾ ಸಂತೋಷ.

ಹಳೆಯ ದಾಖಲೆಯ ಅಂಕಣವನ್ನು ಅಳಿಸಬೇಡಿ. ಅದು ಆ ಕಾಲದವರು ಬರೆದದ್ದು, ಹಾಗೆಯೇ ಇರಲಿ. ಪಕ್ಕದಲ್ಲಿ ನಿಮ್ಮ ಹೊಸ ಅಂಕಣ ಹಾಕಿ, ಯಾವ ಸಾಕ್ಷಿಯಿಂದ ಹೀಗೆ ಬರೆದೆ ಎಂದು ಇನ್ನೊಂದರಲ್ಲಿ ಬರೆಯಿರಿ. ಸಾಕ್ಷಿ ಸಿಗದದ್ದನ್ನು ‘ನಿರ್ಧರಿಸಲಾಗಿಲ್ಲ’ ಎಂದು ಬೇರೆ ಬಣ್ಣದಲ್ಲಿ ತೋರಿಸಿ. 2015, 2016ರ ಸ್ತಂಭಗಳಲ್ಲಿ ಆ ಬಣ್ಣವೇ ತುಂಬಿರಲಿ, ನಾಚಿಕೆ ಬೇಡ. ಅದನ್ನು ಎರಡರಲ್ಲಿ ಯಾವುದಕ್ಕೋ ತುರುಕಿದರೆ ನಂತರದ ವರ್ಷಗಳ ಹೋಲಿಕೆ ಎಲ್ಲವೂ ಸುಳ್ಳಾಗುತ್ತದೆ. ಮಂಗಳೂರಿನಲ್ಲಿ 2015ರಿಂದ ಟ್ಯಾಬ್‌ನಲ್ಲಿ ಪ್ರಕರಣ ದಾಖಲಿಸುವ, ಮನೆಯ ಸ್ಥಳವನ್ನು ಭೂಪಟದಲ್ಲಿ ಗುರುತಿಸುವ ವ್ಯವಸ್ಥೆ ಬಂತು. ನಿಮ್ಮ ವ್ಯಾಪ್ತಿಯ ಯಾವುದಾದರೂ ಭಾಗ ಪಾಲಿಕೆಗೆ ಸೇರಿದ್ದರೆ ಆ ದಾಖಲೆಯನ್ನು ಕೇಳಿ ನೋಡಿ. ರೋಗಿ ಸಿಗದಿದ್ದರೂ ಜಾಗ ಸಿಗುತ್ತದೆ. ಒಂದೇ ಕಟ್ಟಡದ ಸುತ್ತ ನಾಲ್ಕೈದು ವಾರಗಳ ಅಂತರದಲ್ಲಿ ಸಾಲುಸಾಲಾಗಿ ಪ್ರಕರಣಗಳಿದ್ದರೆ, ಪ್ರಯಾಣದ ದಿನಾಂಕ ಇಲ್ಲದಿದ್ದರೂ ಅಲ್ಲಿ ಸ್ಥಳೀಯ ಹರಡುವಿಕೆ ನಡೆದಿತ್ತು ಎಂದು ಹೇಳಲು ಅಡ್ಡಿಯಿಲ್ಲ.

ಎಪಿಐ ಒಂದೇ ಸಾಲದು. ಯಾರ ರಕ್ತವನ್ನೂ ಪರೀಕ್ಷಿಸದ ವರ್ಷ ಎಪಿಐ ತಾನಾಗಿಯೇ ಇಳಿಯುತ್ತದೆ. ನೂರು ಜನರಲ್ಲಿ ಎಷ್ಟು ಜನರ ರಕ್ತ ನೋಡಿದಿರಿ, ನೋಡಿದ ನೂರರಲ್ಲಿ ಎಷ್ಟು ಪಾಸಿಟಿವ್ ಎಂಬ ಎರಡು ಗೆರೆಗಳನ್ನು ಅದರ ಕೆಳಗೆ ಎಳೆಯಿರಿ. ವರ್ಷಕ್ಕೆ ನೂರಕ್ಕೆ ಹತ್ತು ಜನರ ಪರೀಕ್ಷೆಯಾದರೂ ಆಗಿರಬೇಕು ಎಂಬುದು ನಮ್ಮ ಕಾಲದಿಂದಲೂ ಇರುವ ಅಳತೆ. 2020 ಮತ್ತು 2021ರ ಮೇಲೆ ಒಂದು ಚುಕ್ಕೆ ಹಾಕಿ. ಕೋವಿಡ್‌ನಿಂದ ಕಾರ್ಮಿಕರು ಊರಿಗೆ ಮರಳಿದ್ದರು, ಜ್ವರ ಬಂದವರು ಆಸ್ಪತ್ರೆಗೆ ಬರಲು ಹೆದರುತ್ತಿದ್ದರು. ಆ ಇಳಿಕೆಯನ್ನು ಯಾರೂ ತಮ್ಮ ಸಾಧನೆ ಎಂದು ಓದದಿರಲಿ. ಜನಸಂಖ್ಯೆ 2011ರ ಜನಗಣತಿಯದ್ದಾದರೆ ಅದನ್ನೂ ಅಡಿಯಲ್ಲಿ ಬರೆಯಿರಿ. ಶೆಡ್ಡುಗಳಲ್ಲಿ ಇರುವವರು ಆ ಸಂಖ್ಯೆಯಲ್ಲಿ ಇಲ್ಲವೇ ಇಲ್ಲ, ಪ್ರಕರಣಗಳಲ್ಲಿ ಮಾತ್ರ ಇದ್ದಾರೆ.

ತಿಂಗಳವಾರು ನಕ್ಷೆ ಬರೆಯುವಾಗ ವರದಿಯಾದ ದಿನವನ್ನು ಬಿಟ್ಟು ಜ್ವರ ಶುರುವಾದ ದಿನವನ್ನು ಹಿಡಿಯಿರಿ. ವೈವಾಕ್ಸ್, ಫಾಲ್ಸಿಪಾರಂ ಬೇರೆ ಬೇರೆ ಇರಲಿ. ಒಂದು ಜಾಗದಲ್ಲಿ ಕೊನೆಯ ಸ್ಥಳೀಯ ಪ್ರಕರಣ ಯಾವಾಗ ಆಯಿತು ಎಂದು ಓಣಿಯ ಹೆಸರಿನ ಮುಂದೆ ಬರೆದಿಡಿ. ಈ ವರ್ಷ ಆಗಿದ್ದರೆ ಅದು ಸಕ್ರಿಯ. ಮೂರು ವರ್ಷ ದಾಟಿದ ಮೇಲೆ ಮಾತ್ರ ಆ ಜಾಗ ಮುಕ್ತವಾಯಿತು ಎನ್ನಬಹುದು. ಅದಕ್ಕಿಂತ ಮೊದಲು ಸಿಬ್ಬಂದಿಯನ್ನು ಅಲ್ಲಿಂದ ತೆಗೆಯಲು ಬಿಡಬೇಡಿ.

ಇನ್ನೊಂದು ತುರ್ತು ಕೆಲಸ ಇದೆ. ಆ ಜಾರ್ಖಂಡ್‌ನವನ ರಕ್ತದಲ್ಲಿ 19ರಂದು ಚಂದ್ರಾಕೃತಿಗಳಿದ್ದವು ಎಂದು ತಿಳಿದರೆ, ಅವನ ಶೆಡ್ಡಿನ ಸೊಳ್ಳೆಗಳು ಅದೇ ದಿನಗಳಲ್ಲಿ ಸೋಂಕು ಹೀರಿರಬಹುದು. ಅವು ಇನ್ನೊಬ್ಬರಿಗೆ ಕೊಡಲು ಶಕ್ತವಾಗುವುದು ಆಗಸ್ಟ್ ಕೊನೆಗೆ, ಆ ಕಡಿತದ ಜ್ವರ ಕಾಣಿಸಿಕೊಳ್ಳುವುದು ಸೆಪ್ಟೆಂಬರ್ ಎರಡನೆಯ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ. ಆ ಶೆಡ್ ಮತ್ತು ಸುತ್ತಲಿನ ಮನೆಗಳಿಗೆ ಆ ಅವಧಿಯಲ್ಲಿ ವಾರಕ್ಕೊಮ್ಮೆ ಹೋಗಿ, ಜ್ವರ ಇರುವವರ ರಕ್ತ ತೆಗೆಯಿರಿ. ಸುರತ್ಕಲ್‌ನವರು ಹೇಳಿದಂತೆ ಮೇಸ್ತ್ರಿಯನ್ನು ಜೊತೆಗೆ ಕರೆದುಕೊಳ್ಳಿ. ರಕ್ತ ಕೊಟ್ಟವನ ಅಂದಿನ ಕೂಲಿ ಕಡಿಯುವುದಿಲ್ಲ ಎಂದು ಗುತ್ತಿಗೆದಾರನಿಂದ ಅವರ ಎದುರೇ ಹೇಳಿಸಿ, ಆಮೇಲೆ ಕೈ ಚಾಚಿ ಎನ್ನಿ.